ಗಡಿಯಾರದಮ್ಮನ ಆರು ಮೇಜು

ನಮ್ಮಕ್ಕ ಹಾಕಿದ ವೇಳಾಪಟ್ಟಿ ಒಂದೇ ಒಂದು ನಿಮಿಷ ಆಚೀಚೆ ಆದದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ನನ್ನ ಹೊಲಿಗೆ ಯಂತ್ರವನ್ನು ಅವರ ತಲೆ ಮೇಲೆ ಹೊರಿಸಿ ಕಳಿಸುತ್ತೇನೆ. ತಮ್ಮನ ಪ್ರೀತಿಯಿಂದ ಹೇಳುತ್ತಿರುವ ಮಾತಲ್ಲ ಇದು. ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವಳು ಅವಳು. ಡಿಪೋದ ಗೋಡೆ ಗಡಿಯಾರಕ್ಕೂ ಅವಳಿಗೂ ಒಮ್ಮೆ ಎರಡು ನಿಮಿಷದ ಜಗಳ ಬಿದ್ದಾಗ ರಿಪೇರಿಗೆ ಹೋದದ್ದು ಗಡಿಯಾರ. ಅಲ್ಲಿನ ಡ್ರೈವರುಗಳು ಅವಳನ್ನು ಗಡಿಯಾರದಮ್ಮ ಅಂತ ಕರೆಯುತ್ತಿದ್ದರು. ಎದುರಿಗಲ್ಲ, ಬಸ್ಸು ಗೇಟು ದಾಟಿದ ಮೇಲೆ.

ನಾನು ದರ್ಜಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಇಷ್ಟು ಬೇರೆ ಆಗಬಹುದೇ ಅಂತ ಜನ ಬೆರಗಾಗುವುದು ಇಲ್ಲಿಯೇ. "ನಾಳೆ ಬನ್ನಿ" ಅನ್ನುವ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಅಂಗಡಿಯ ಹಲ್ಲಿ ಕೂಡ ಅದನ್ನೇ ಲೊಚಗುಟ್ಟುತ್ತದೆ. ಅಕ್ಕ ನಿವೃತ್ತಿಯಾಗುವ ದಿನಕ್ಕೆ ಅಂತ ಒಂದು ಬೂದು ಬಣ್ಣದ ಕೋಟು ಹೊಲಿಯಲು ಹಿಡಿದಿದ್ದೆ. ಆ ದಿನ ಬಂದು ಹೋಗಿ ಏಳು ವರ್ಷವಾಯಿತು. ಕೋಟಿಗೆ ಎಡಗೈ ಇನ್ನೂ ಬಂದಿಲ್ಲ. ಆ ವಿಷಯ ಇಲ್ಲಿ ಬೇಡ.

ವಿಷಯ ಶುರುವಾದದ್ದು ಒಂದು ಸಂಜೆ, ಒಂಬತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮೊಮ್ಮಗಳು ಶಾಲೆಯ ಚೀಲವನ್ನು ಕುರ್ಚಿ ಮೇಲೆ ಬಿಸಾಕಿ ಅಡುಗೆಮನೆ ಬಾಗಿಲಲ್ಲಿ ನಿಂತಾಗ. ಮುಖ ಒಗೆದು ಹಿಂಡಿಟ್ಟ ಬಟ್ಟೆಯ ಹಾಗಿತ್ತು.

"ಅಜ್ಜಿ, ಈ ವರ್ಷವೇ ಕೊನೆಯಂತೆ."

"ಏನು ಕೊನೆ?"

"ಕಲಾಮೇಳ. ದೊಡ್ಡ ಮೇಡಂ ಹೇಳಿದ್ರು. ಹೋದ ವರ್ಷ ಗೇಟಲ್ಲಿ ನಿಂತು ಟೈಮ್ ಬರ್ಕೊಂಡಿದ್ರಂತೆ. ಒಂದು ಮನೆಯವರು ಬಂದು ಹೋಗೋಕೆ ಸರಾಸರಿ ಹನ್ನೊಂದು ನಿಮಿಷ. ತಮ್ಮ ಮಗುವಿನ ಚಿತ್ರ ಹುಡುಕ್ತಾರೆ, ಫೋಟೋ ಹೊಡೀತಾರೆ, ಹೋಗ್ತಾರೆ. ಈ ಸಲ ಒಂದು ಗಂಟೆಯಾದ್ರೂ ನಿಲ್ಲಿಸಿ ತೋರಿಸಿ, ಇಲ್ಲಾಂದ್ರೆ ಮುಂದಿನ ವರ್ಷದಿಂದ ಆ ಶನಿವಾರ ಪರೀಕ್ಷೆ ತಯಾರಿಗೆ ಅಂದ್ರು."

ಅಕ್ಕ ಒಲೆ ಆರಿಸಿದಳು. ಹನ್ನೊಂದು ನಿಮಿಷ ಅನ್ನುವ ಲೆಕ್ಕ ಅವಳ ಕಿವಿಗೆ ಬಿದ್ದ ಮೇಲೆ ಒಲೆ ಮೇಲಿದ್ದದ್ದು ಬೆಂದರೇನು, ಬಿಟ್ಟರೇನು.

"ನಿಮ್ಮಪ್ಪ ಎಷ್ಟು ಹೊತ್ತು ಇದ್ದ?"

ಹುಡುಗಿ ಚೀಲದ ಜಿಪ್ಪು ಎಳೆಯುತ್ತ ಹೇಳಿದಳು: "ಒಂಬತ್ತು."

ಅಕ್ಕನ ಮಗ ನೆಲಕ್ಕೆ ಹಾಕುವ ಟೈಲ್ಸಿನ ಅಂಗಡಿಯಲ್ಲಿ ಮ್ಯಾನೇಜರು. ಒಳ್ಳೆಯವನೇ. ಆದರೆ ಅವನ ಫೋನಿಗೂ ಕಿವಿಗೂ ಮಧ್ಯೆ ಗಾಳಿ ಆಡಿದ್ದನ್ನು ನಾನಂತೂ ಕಂಡಿಲ್ಲ. ಅವನು ಒಂಬತ್ತು ನಿಮಿಷ ನಿಂತದ್ದೇ ಹೆಚ್ಚು ಅಂತ ನಾನು ತಮಾಷೆ ಮಾಡಲು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಬಾಯಿ ಮುಚ್ಚಿದೆ. ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ಅವನ ಶಾಲೆಯಲ್ಲೂ ಇಂಥದ್ದೇ ಒಂದು ಮೇಳವಿತ್ತು. ಅಕ್ಕ ಯೂನಿಫಾರ್ಮಿನಲ್ಲೇ ಓಡಿ ಬಂದು, ಎರಡು ಬಸ್ಸುಗಳ ಮಧ್ಯೆ ಸಿಕ್ಕ ಆರು ನಿಮಿಷದಲ್ಲಿ ಅವನ ಚಿತ್ರ ನೋಡಿ, ಮತ್ತೆ ಓಡಿದ್ದಳು. ಅವನೇನು ಚಿತ್ರ ಬರೆದಿದ್ದ ಅಂತ ಆಮೇಲೆ ಯಾರೋ ಕೇಳಿದಾಗ ಅವಳಿಗೆ ಹೇಳಲು ಬರಲಿಲ್ಲ. ಅದನ್ನು ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ. ಎಲ್ಲಿ ಮರೀತಾಳೆ, ಡಿಪೋದ ಮೂವತ್ತಾರು ವರ್ಷದ ಬಸ್ಸುಗಳನ್ನು ನಂಬರ್ ಸಮೇತ ಹೇಳುವವಳು.

"ನಾಳೆ ಆ ಡ್ರಾಯಿಂಗ್ ಮೇಷ್ಟ್ರನ್ನ ನೋಡಬೇಕು," ಅಂದಳು. "ಮನೆಯವರನ್ನ ನಿಲ್ಲಿಸೋ ಕೆಲಸ ನಾನು ಮಾಡ್ತೀನಿ."

ಡ್ರಾಯಿಂಗ್ ಮೇಷ್ಟ್ರು ಮೂವತ್ತು ದಾಟದ, ಮೆಲ್ಲಗೆ ಮಾತಾಡುವ ಮನುಷ್ಯ. ಬ್ರಷ್ಷು ಕೈಯಲ್ಲಿದ್ದರೆ ಹುಲಿ, ಇಲ್ಲದಿದ್ದರೆ ಯಾರಾದರೂ ಎತ್ತಿಕೊಂಡು ಹೋಗಬಹುದಾದಷ್ಟು ಸಾಧು. ಅವರ ಮುಂದೆ ಅಕ್ಕ ಹಾಳೆ ಹರಡಿದಳು. ಬರುವವರು ಎಂಬತ್ತನಾಲ್ಕು ಮನೆಯವರು. ಉದ್ದದ ವರಾಂಡದಲ್ಲಿ ಆರು ಮೇಜು. ಒಂದೊಂದು ಮೇಜಿಗೆ ಎಂಟು ನಿಮಿಷ, ಮುಂದಿನ ಮೇಜಿಗೆ ನಡೆಯಲು ಎರಡು ನಿಮಿಷ. ಆರು ಹತ್ತಲಿ ಅರವತ್ತು. ಹತ್ತು ಗಂಟೆಗೆ ಮೊದಲ ಏಳು ಮನೆಯವರು ಒಳಗೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಏಳೇಳು ಮನೆ. ಒಳಗೆ ಹೋಗಿ ಅರವತ್ತು ನಿಮಿಷ ತುಂಬುವ ಮುಂಚೆ ಯಾರೂ ಹೊರಗೆ ಬೀಳುವ ಹಾಗಿಲ್ಲ, ತುಂಬಿದ ಮೇಲೆ ಒಳಗೆ ಉಳಿಯುವ ಹಾಗೂ ಇಲ್ಲ. ಪ್ರತಿ ಮನೆಗೂ ಒಂದು ದೊಡ್ಡ ಹಾಳೆ. ಅದೇ ಟಿಕೆಟ್ಟು. ಅದನ್ನು ಮೇಜಿನಿಂದ ಮೇಜಿಗೆ ಜೊತೆಯಲ್ಲೇ ಒಯ್ಯಬೇಕು. ಮೊದಲ ಮೇಜಿನಲ್ಲಿ ಮನೆಯವರೆಲ್ಲ ಬಣ್ಣದಲ್ಲಿ ಅಂಗೈ ಅದ್ದಿ ಹಾಳೆ ಮೇಲೆ ಒತ್ತುವುದು. ಎರಡನೆಯದರಲ್ಲಿ ಅದೇ ಹಾಳೆ ಮೇಲೆ ಒಬ್ಬರ ಮುಖ ಒಬ್ಬರು ಇದ್ದಿಲಲ್ಲಿ ಬರೆಯುವುದು, ಹಾಳೆ ನೋಡದೆ, ಮುಖವನ್ನೇ ನೋಡುತ್ತ. ಮೂರನೆಯದು ನನ್ನದು, ಕಾಗದ ಕತ್ತರಿಸಿ ಅಂಟಿಸುವುದು. ನಾಲ್ಕು, ಜೇಡಿಮಣ್ಣು. ಐದು, ಡಬ್ಬ ತಟ್ಟೆ ಬಡಿದು ತಾಳ ಕಟ್ಟುವುದು. ಆರು, ಹಾಳೆಯ ಕೆಳಗೆ ನಾಲ್ಕು ಸಾಲು ಬರೆದು ಹಗ್ಗಕ್ಕೆ ನೇತುಹಾಕುವುದು.

"ಬಣ್ಣ ಮೊದಲು ಯಾಕಮ್ಮ?" ಮೇಷ್ಟ್ರು ಕೇಳಿದರು.

"ಗಲೀಜು ಕೆಲಸ, ಹೊತ್ತು ಹಿಡಿಯುತ್ತೆ. ದೂರದ ಬಸ್ಸು ಮೊದಲು ಬಿಡಬೇಕು."

"ಅಲ್ಲ, ಅದು ಆಮೇಲೆ ಒಣ..."

"ನಿಮಗೆ ಎಂಟು ನಿಮಿಷ ಸಾಕಾ, ಸಾಲದಾ? ಅಷ್ಟು ಹೇಳಿ."

"ಬಳಿಯೋಕೆ ಸಾಕು," ಅಂದರು ಮೇಷ್ಟ್ರು. ಆಮೇಲೆ ಬಾಯಿ ಬಿಡಲಿಲ್ಲ. ಅವರನ್ನು ಬೈಯಬೇಡಿ. ಆ ದನಿಗೆ ನಲವತ್ತು ಸೀಟಿನ ಬಸ್ಸುಗಳೇ ರಿವರ್ಸ್ ಹೋಗುತ್ತಿದ್ದವು.

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಸಿರಾಡಲಿಲ್ಲ. ಅಕ್ಕ ಊಟದ ತಟ್ಟೆ ಮುಂದೆ ಕೂತರೆ ತುತ್ತು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. "ಯಾರೂ ಬರದೇ ಹೋದರೆ?" ಅನ್ನುತ್ತಿದ್ದಳು. ಬರ್ತಾರೆ ಅಂತ ಸಮಾಧಾನ ಹೇಳಿದರೆ, "ಎಲ್ಲರೂ ಒಟ್ಟಿಗೆ ಬಂದುಬಿಟ್ಟರೆ?" ಫ್ರಿಜ್ಜಿನ ಬಾಗಿಲ ಮೇಲೆ ಪಟ್ಟಿ, ಕನ್ನಡಿಯ ಮೇಲೆ ಪಟ್ಟಿ. ಒಂದು ದಿನ ಹಾಲಿನ ಪಾತ್ರೆಯ ಮುಚ್ಚಳದ ಮೇಲೂ ಒಂದು ಚೀಟಿ ಕಂಡೆ: 'ಅಳುವ ಮಗು - 3 ನಿಮಿಷ?' ಪೆನ್ನಿನ ಟೋಪಿ ಕಡಿದು ಕಡಿದು, ಕೊನೆಗೆ ಆ ಪೆನ್ನು ಇಲಿ ತಿಂದ ಕಬ್ಬಿನ ಹಾಗಾಗಿತ್ತು.

ಶಾಲೆಯ ವರಾಂಡವನ್ನು ನನ್ನಿಂದ ಅಳೆಸಿದಳು. ದರ್ಜಿಯ ಟೇಪಿನಲ್ಲಿ! ಮಂಡಿಯೂರಿ ತೆವಳುತ್ತ ನಾನು ಅಳೆದ ಆ ವರಾಂಡಕ್ಕೆ ಈಗ ಬೇಕಾದರೆ ಒಂದು ಪ್ಯಾಂಟು ಹೊಲಿದುಕೊಡಬಲ್ಲೆ. ಆಮೇಲೆ ನಡಿಗೆ ಲೆಕ್ಕ. ಮೇಜಿಂದ ಮೇಜಿಗೆ ಬರಿಗೈಯಲ್ಲಿ ಹದಿನೆಂಟು ಹೆಜ್ಜೆ. ಮಗು ಎತ್ತಿಕೊಂಡವರಿಗೆ?

"ಈ ದಿಂಬು ಎತ್ತಿಕೋ," ಅಂದಳು ನನಗೆ.

"ದಿಂಬು ಯಾಕಕ್ಕ?"

"ಅದು ಮಗು."

"ಮಗು ಇಷ್ಟು ಸುಮ್ಮನೆ ಇರುತ್ತಾ?"

"ಸರಿ. ಒದೀತಾ ಇರೋ ಮಗು ಅಂದುಕೊಂಡು ನಡಿ."

ಒದೆಯುವ ದಿಂಬನ್ನು ಎತ್ತಿಕೊಂಡು ನಾನು ಏಳು ಸಲ ವರಾಂಡ ದಾಟಿದೆ. ಶಾಲೆಯ ಜವಾನ ಕಸಬರಿಗೆ ಹಿಡಿದು ನಿಂತು ನೋಡಿ, "ಅಣ್ಣೋ, ಮಗು ಅಪ್ಪನ ಥರಾನೇ ಇದೆ," ಅಂದ.

ಮೇಳಕ್ಕೆ ಆರು ದಿನ ಮುಂಚೆ ಅಕ್ಕನ ನಡುಮನೆಯಲ್ಲಿ ತಾಲೀಮು. ಮೊಮ್ಮಗಳ ಗೆಳತಿಯರು ಎಂಟು ಜನ, ನಾನು, ಪಕ್ಕದ ಮನೆಯ ದಂಪತಿ. ಬಣ್ಣದ ಡಬ್ಬಿ ಮೇಷ್ಟ್ರ ಹತ್ತಿರ ಇದ್ದದ್ದೇ ಹನ್ನೆರಡು. ತಾಲೀಮಿಗೆ ಅದನ್ನು ಹಾಳು ಮಾಡಲು ಅಕ್ಕನಿಗೆ ಮನಸ್ಸು ಬರಲಿಲ್ಲ. "ಸುಮ್ಮನೆ ಅದ್ದಿದ ಹಾಗೆ ಮಾಡಿ, ಒತ್ತಿದ ಹಾಗೆ ಮಾಡಿ," ಅಂದಳು. ನಾವು ಖಾಲಿ ತಟ್ಟೆಯಲ್ಲಿ ಕೈ ಅದ್ದಿದೆವು, ಬಿಳಿ ಹಾಳೆ ಮೇಲೆ ಒತ್ತಿದೆವು, ಹಾಳೆ ಸುತ್ತಿ ಕಂಕುಳಲ್ಲಿಟ್ಟು ಮುಂದಿನ ಮೇಜಿಗೆ ನಡೆದೆವು. ಅಕ್ಕ ಡಿಪೋದ ಹಳೇ ಸೀಟಿ ಊದಿದಳು. ಎಲ್ಲ ಮುಗಿದಾಗ ಐವತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು.

"ಅಜ್ಜಿ, ಆ ದಿನ ಸೀಟಿ ಬೇಡ," ಅಂದಳು ಮೊಮ್ಮಗಳು. "ಅದು ಮೇಳ, ಬಸ್ ಸ್ಟ್ಯಾಂಡಲ್ಲ."

"ಸೀಟಿ ಇಲ್ಲದೆ ಜನ ಏಳಲ್ಲ ಕಣೇ."

"ಗಂಟೆ ಹೊಡಿ. ಸಣ್ಣದು. ಮೆಲ್ಲಗೆ."

ಅಕ್ಕ ಒಪ್ಪಿದಳು. ಆದರೆ ಸೀಟಿಯನ್ನು ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಮೂರು ವಾರದಲ್ಲಿ ಅವಳು ನಕ್ಕದ್ದು ಆವತ್ತೊಂದೇ ಸಲ. ಐವತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು ಅಂತ ಸಿಕ್ಕವರಿಗೆಲ್ಲ ಹೇಳಿದಳು.

ಶನಿವಾರ ಬೆಳಗ್ಗೆ ಮೋಡ ಕವಿದಿತ್ತು. ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಒದ್ದೆ ಕರವಸ್ತ್ರ ಮುಖಕ್ಕೆ ಮುಚ್ಚಿದಂಥ ಹವೆ. ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಅಕ್ಕ ಮೊದಲ ಮೇಜಿನ ಪಕ್ಕ ನಿಂತಿದ್ದಳು, ಎರಡು ಕೈಗೂ ಎರಡು ವಾಚು ಕಟ್ಟಿ. ಗೇಟಿನ ಹತ್ತಿರ ದೊಡ್ಡ ಮೇಡಂ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ನೋಟ್‌ಪುಸ್ತಕ ಇಟ್ಟುಕೊಂಡು ಕೂತಿದ್ದರು. ಬಂದವರ ಹೊತ್ತು ಒಂದು ಕಡೆ, ಹೋದವರ ಹೊತ್ತು ಇನ್ನೊಂದು ಕಡೆ.

ಜನ ಬಂದರು. ಅಕ್ಕ ಉಸಿರು ಬಿಟ್ಟಳು. ಮೊದಲ ಏಳು ಮನೆ ಒಳಗೆ. ಕೆಂಪು, ನೀಲಿ, ಹಸಿರು, ಅಂಗೈ ಮೇಲೆ ಅಂಗೈ. ಒಬ್ಬ ಅಜ್ಜ ತನ್ನ ಕೈ ಗುರುತು ನೋಡಿ, "ಇದೇನು ಇಷ್ಟು ದೊಡ್ಡದು, ನನ್ನದೇನಾ?" ಅಂತ ಮತ್ತೊಮ್ಮೆ ಒತ್ತಿದ. ಎಂಟು ನಿಮಿಷ. ಕಿಣಿಕಿಣಿ ಗಂಟೆ. ಏಳು ಮನೆಯವರೂ ಹಾಳೆ ಹಿಡಿದು ಎದ್ದರು.

ಎದ್ದವರು ಎರಡನೇ ಮೇಜಿನ ಮುಂದೆ ನಿಂತುಬಿಟ್ಟರು.

ಹಾಳೆ ಒದ್ದೆ. ಒದ್ದೆ ಅಂದರೆ ಎಂಥ ಒದ್ದೆ, ಹಾಳೆಯ ಮೇಲೆ ಮೀನು ಬಿಟ್ಟಿದ್ದರೆ ಈಜುತ್ತಿದ್ದವು. ಇದ್ದಿಲು ಇಟ್ಟರೆ ಬಣ್ಣ ಕಿತ್ತು ಬರುತ್ತಿತ್ತು. ಸುತ್ತಿದರೆ ಅಂಟಿಕೊಳ್ಳುತ್ತಿತ್ತು, ಓರೆ ಮಾಡಿದರೆ ಅಜ್ಜನ ಕೈ ಮೊಮ್ಮಗನ ಕೈಗೆ ಹರಿಯುತ್ತಿತ್ತು. ಉಳಿದದ್ದು ಒಂದೇ ದಾರಿ: ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವವರ ಹಾಗೆ, ಹಾಳೆಯನ್ನು ಮಟ್ಟಸವಾಗಿ ಹೊತ್ತು ನಿಲ್ಲುವುದು.

ಅಕ್ಕ ನನ್ನ ಕಡೆ ನೋಡಿದಳು. ಆ ನೋಟ ನಾನು ಮರೆಯುವ ಹಾಗಿಲ್ಲ.

"ತಾಲೀಮಲ್ಲಿ ಹೀಗಾಗಲಿಲ್ಲವಲ್ಲೋ."

"ತಾಲೀಮಲ್ಲಿ ಬಣ್ಣ ಇರಲಿಲ್ಲಕ್ಕ."

ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅದೇ ಅಮ್ಮ ನಾನು ಅವತ್ತು ಹೇಳೋಕೆ ಹೊರಟಿದ್ದು. ಈ ಹವೆಗೆ ನಲವತ್ತು ನಿಮಿಷ ಬೇಕು ಒಣಗೋಕೆ."

ಅಷ್ಟರಲ್ಲಿ ಹತ್ತೂ ಹತ್ತು. ಮುಂದಿನ ಏಳು ಮನೆ. ಹತ್ತೂ ಇಪ್ಪತ್ತಕ್ಕೆ ಇನ್ನೂ ಏಳು. ಬಂದವರನ್ನು ಬೇಡ ಅನ್ನುವುದು ಹೇಗೆ? ಹತ್ತೂ ಮುಕ್ಕಾಲರ ಹೊತ್ತಿಗೆ ವರಾಂಡದಲ್ಲಿ ಮೂವತ್ತೈದು ಮನೆಯವರು ಮೂವತ್ತೈದು ಒದ್ದೆ ಹಾಳೆ ಹೊತ್ತು ನಿಂತಿದ್ದರು. ನಾನು ಮೂರನೇ ಮೇಜಿನಲ್ಲಿ ಕತ್ತರಿ ಹಿಡಿದು, ಬೋಣಿಯಾಗದ ಅಂಗಡಿಯವನ ಹಾಗೆ ಕೂತಿದ್ದೆ. ಅಕ್ಕನ ಗಂಟೆ ಹೊಡೆಯುವ ಕೈ ಗಾಳಿಯಲ್ಲೇ ನಿಂತಿತ್ತು. ಅವಳ ಕತ್ತಿನ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ಬಸ್ಸುಗಳು ಒಂದರ ಹಿಂದೊಂದು ಸಿಕ್ಕಿಬಿದ್ದ ದಿನ ಡಿಪೋದಲ್ಲಿ ಅವಳ ಮುಖ ಹೀಗಾಗುತ್ತಿತ್ತೇನೋ. ನಾನು ನೋಡಿದ್ದು ಇದೇ ಮೊದಲು.

"ಹೋಯ್ತು," ಅಂದಳು. "ಕೈಯಾರೆ ಹಾಳು ಮಾಡಿದೆ. ಆ ಮಗು ನನ್ನ ನಂಬಿತ್ತು."

ಜೇಬಿನಿಂದ ಸೀಟಿ ತೆಗೆದಳು. ಎಲ್ಲರನ್ನೂ ಮನೆಗೆ ಕಳಿಸಿಬಿಡುತ್ತಾಳೆ ಅಂತ ನಾನು ಕತ್ತರಿ ಕೆಳಗಿಟ್ಟು ಎದ್ದೆ. ಸೀಟಿ ತುಟಿಯವರೆಗೆ ಹೋಯಿತು. ಅಲ್ಲೇ ನಿಂತಿತು.

ಯಾಕೆ ನಿಂತಿತು ಅಂತ ತಿರುಗಿ ನೋಡಿದೆ. ವರಾಂಡದ ಗೋಡೆ ತುಂಬ ಮಕ್ಕಳು ಬರೆದ ಚಿತ್ರಗಳು. ಒದ್ದೆ ಹಾಳೆ ಹೊತ್ತವರು ಕೂರುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಎರಡು ಕೈಗೂ ಬಣ್ಣ, ಹಾಗಾಗಿ ಫೋನು ಮುಟ್ಟುವ ಹಾಗೂ ಇಲ್ಲ. ಬಿಡುವಾಗಿದ್ದದ್ದು ಕಣ್ಣು ಮಾತ್ರ. ಕಣ್ಣು ಎಷ್ಟು ಹೊತ್ತು ಚಾವಣಿ ನೋಡೀತು? ಎಲ್ಲರ ಕಣ್ಣುಗಳೂ ಗೋಡೆ ನೋಡತೊಡಗಿದ್ದವು. ಮೊದಲು ತಮ್ಮ ಮಗುವಿನದು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. "ಇದು ಯಾರು ಬರೆದಿದ್ದು?" "ಈ ಕುದುರೆಗೆ ಐದು ಕಾಲು ಯಾಕೆ?" "ಓಡ್ತಾ ಇದೆಯಲ್ಲ ಆಂಟಿ, ಕಾಲು ಎಣಿಸೋಕಾಗುತ್ತಾ?" ಆ ವರಾಂಡದ ಗದ್ದಲ ಸಂತೆಯ ಗದ್ದಲವನ್ನು ಮೀರಿಸಿತು.

ಅವರ ನಡುವೆ ಅಕ್ಕನ ಮಗನೂ ಇದ್ದ. ಹಾಳೆಯ ಎರಡು ಮೂಲೆ ಅವನು, ಎರಡು ಮೂಲೆ ಮಗಳು. ಅಂಗೈ ಎರಡೂ ನೀಲಿ. ಎದುರಿಗೆ ಗೋಡೆಯ ಮೇಲೆ ಮಗಳ ಚಿತ್ರ: ಅರ್ಧ ತೆರೆದ ಒಂದು ಬಾಗಿಲು, ಬಾಗಿಲ ಸಂದಿಯಲ್ಲಿ ಹೊರಗೆ ಹೋಗುತ್ತಿರುವ ಯಾರದೋ ಶೂವಿನ ಹಿಮ್ಮಡಿ, ಅಷ್ಟೇ. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತನ್ನ ಕೈ ನೋಡಿಕೊಂಡ. ಮಗಳ ಕೈ ನೋಡಿದ. ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಿತು, ಮತ್ತೆ ಸುಮ್ಮನಾಯಿತು.

ಚಿತ್ರದ ಕಡೆ ಗದ್ದ ತೋರಿಸಿ ಕೇಳಿದ: "ಅದು ನನ್ನ ಶೂನಾ?"

"ಹೂಂ."

"ಹಿಮ್ಮಡಿ ಸವೆದಿರೋದು ಕೂಡ ಬರೆದಿದ್ದೀಯಲ್ಲೇ."

"ಹೋದ ವರ್ಷದ್ದೂ ಇದೇ ಬಾಗಿಲೇ ಅಪ್ಪ. ನೋಡಿದ್ರಲ್ಲ."

"ನೋಡಿದ್ದೆ," ಅಂದ. ಮತ್ತೆ ಚಿತ್ರದ ಕಡೆ ಬಗ್ಗಿ, "ಇಲ್ಲ. ಫೋಟೋ ಹೊಡೆದಿದ್ದೆ," ಅಂದ.

ಅಕ್ಕ ಕಂಬದ ಹಿಂದೆ ನಿಂತು ಅಷ್ಟನ್ನೂ ಕೇಳಿಸಿಕೊಂಡಳು. ಸೀಟಿಯನ್ನು ಮೆಲ್ಲಗೆ ಜೇಬಿಗೆ ಹಾಕಿದಳು. ಮೂಗು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಆಗ ಬಂದರು ದೊಡ್ಡ ಮೇಡಂ. ಹನ್ನೊಂದೂ ಕಾಲಾಗಿತ್ತು. ನೋಟ್‌ಪುಸ್ತಕದಲ್ಲಿ ಬಂದವರ ಸಾಲು ಎರಡು ಪುಟ ದಾಟಿತ್ತು, ಹೋದವರ ಸಾಲು ಬೋಳು.

"ಏನಿದು? ಒಬ್ಬರೂ ಹೊರಗೆ ಬಂದಿಲ್ಲವಲ್ಲ! ಒಳಗೆ ಏನಾಗಿದೆ?"

ಅಕ್ಕ ಶಾಲೆಗೆ ತಡವಾಗಿ ಬಂದ ಹುಡುಗಿಯ ಹಾಗೆ ಕೈ ಕಟ್ಟಿ ನಿಂತಳು. "ನನ್ನದೇ ತಪ್ಪು ಮೇಡಂ. ಬಣ್ಣ ಒಣಗಲ್ಲ ಅನ್ನೋದು ನನಗೆ ಹೊಳೀಲಿಲ್ಲ. ಎಲ್ಲ ಸಿಕ್ಕಿಹಾಕಿಕೊಂಡುಬಿಟ್ಟಿದ್ದಾರೆ."

ಮೇಡಂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿದ್ದ ಒಬ್ಬ ತಾಯಿ ಹಾಳೆಯ ಎರಡು ಮೂಲೆಯನ್ನು ಅವರ ಕೈಗೆ ತುರುಕಿದಳು. "ಮೇಡಂ, ಒಂದು ನಿಮಿಷ ಹಿಡ್ಕೊಳ್ಳಿ, ಚಿಕ್ಕವನಿಗೆ ಬಾತ್‌ರೂಮಿಗೆ ಅರ್ಜೆಂಟಂತೆ." ಓಡಿಯೇ ಹೋದಳು. ಇಡೀ ಶಾಲೆಯನ್ನು ಕಣ್ಸನ್ನೆಯಲ್ಲಿ ಆಡಿಸುವ ಹೆಂಗಸು ಒದ್ದೆ ಹಾಳೆ ಹಿಡಿದು ಗೋಡೆಗೆ ಮುಖ ಮಾಡಿ ನಿಂತರು. ಆ ಚಿಕ್ಕವನ ಅರ್ಜೆಂಟು ಇಪ್ಪತ್ತು ನಿಮಿಷದ್ದು. ಅಷ್ಟು ಹೊತ್ತೂ ಮೇಡಂ ಎದುರಿಗೆ ಐದು ಕಾಲಿನ ಕುದುರೆ. ಕೊನೆಗೆ ಅವರು, ಹಾಳೆಯ ಆಚೆ ತುದಿ ಹಿಡಿದಿದ್ದ ಆ ಮನೆಯ ಯಜಮಾನನಿಗೆ, "ಇದು ನಿಜವಾಗಲೂ ಓಡ್ತಾ ಇದೆ ಕಣ್ರೀ," ಅಂದದ್ದು ಮೂರನೇ ಮೇಜಿನಲ್ಲಿದ್ದ ನನಗೂ ಕೇಳಿಸಿತು.

ಒಂದೊಂದೇ ಹಾಳೆ ಒಣಗಿತು. ಒಂದೊಂದೇ ಮನೆ ಮುಂದೆ ಸರಿಯಿತು. ಎಂಟು ನಿಮಿಷದ ಲೆಕ್ಕವನ್ನು ಯಾರೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ನನ್ನ ಮೇಜಿನಲ್ಲಿ ಅವಳ ಮಗ ಕತ್ತರಿ ಹಿಡಿದು ಒಂದು ಜೊತೆ ಶೂ ಕತ್ತರಿಸಿದ, ಈ ಸಲ ಶೂವಿನ ತುದಿ ಕೈ ಗುರುತುಗಳ ಕಡೆಗೆ, ಮನೆಯೊಳಗೆ ಬರುತ್ತಿರುವವನ ಹಾಗೆ ಅಂಟಿಸಿದ. "ಮಾವ, ನೆಟ್ಟಗಿದೆಯಾ?" ಅಂತ ಕೇಳಿದ. ಎಡಗಡೆಯದು ಸ್ವಲ್ಪ ದೊಡ್ಡದಾಗಿತ್ತು. ಹೇಳಲಿಲ್ಲ.

ಒಂದು ಗಂಟೆಗೆ ಎಲ್ಲ ಖಾಲಿಯಾಗಬೇಕಿತ್ತು. ಎರಡೂವರೆಗೆ ಜವಾನ ದೀಪ ಆರಿಸಿ ಆರಿಸಿ ಹಾಕಿದ ಮೇಲೆ ಕೊನೆಯ ಮನೆಯವರು ಹೊರಟರು. ದೊಡ್ಡ ಮೇಡಂ ನೋಟ್‌ಪುಸ್ತಕ ಹಿಡಿದು ಬಂದರು. ತೋಳಿನ ಮೇಲೆ ಯಾವುದೋ ಮಗುವಿನ ಹಸಿರು ಕೈ ಗುರುತು ಅಚ್ಚಾಗಿತ್ತು. ಅವರಿಗೆ ಗೊತ್ತಿರಲಿಲ್ಲ, ಯಾರಿಗೂ ಹೇಳುವ ಧೈರ್ಯವಿರಲಿಲ್ಲ.

"ಸರಾಸರಿ ಒಂದು ಗಂಟೆ ಐವತ್ತು ನಿಮಿಷ," ಅಂದರು. "ಮುಂದಿನ ವರ್ಷದ ಶನಿವಾರ ನಿಮ್ಮದೇ." ಎರಡು ಹೆಜ್ಜೆ ಹೋಗಿ ತಿರುಗಿದರು. "ಬಣ್ಣ ಮೊದಲನೇ ಮೇಜಿಗೇ ಇರಲಿ."

ಮೊಮ್ಮಗಳು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಅಕ್ಕ ಅವಳ ಬೆನ್ನು ತಟ್ಟಿದಳು. ಮೂರು ವಾರದಿಂದ ಹೊಟ್ಟೆಯಲ್ಲಿ ಹೊತ್ತಿದ್ದ ಕಲ್ಲನ್ನು ಎಲ್ಲಿ ಇಳಿಸಬೇಕು ಅಂತ ತಿಳಿಯದವಳ ಹಾಗೆ, ಖಾಲಿ ಮೇಜಿನ ಅಂಚಿಗೆ ಒರಗಿ, ಎಡಗೈಯ ವಾಚು ಬಿಚ್ಚಿದಳು, ಬಲಗೈಯದೂ ಬಿಚ್ಚಿದಳು, ಎರಡನ್ನೂ ಜೇಬಿಗೆ ಹಾಕಿದಳು.

ನಾನು ಸುಮ್ಮನಿರಬಹುದಿತ್ತು. ಆದರೆ ಹುಟ್ಟಿದಾಗಿನಿಂದ ಅವಳು ನನ್ನನ್ನು "ಲೇಟು" ಅನ್ನುತ್ತ ಬಂದವಳು. ಇಂಥ ದಿನ ಮತ್ತೊಮ್ಮೆ ಬರುತ್ತದೆಯೇ? ಕತ್ತರಿಯನ್ನು ಚೀಲಕ್ಕೆ ಹಾಕುತ್ತ, ಮೂವತ್ತಾರು ವರ್ಷದ ಡ್ರೈವರುಗಳ ಪರವಾಗಿ ಗಂಟಲು ಸರಿಮಾಡಿಕೊಂಡೆ.

"ಅಕ್ಕ, ನಿನ್ನ ವೇಳಾಪಟ್ಟಿ ಒಂದೂವರೆ ಗಂಟೆ ಲೇಟಾಯ್ತಲ್ಲ?"

ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆದಳು, ಟೇಪಿಲ್ಲದೆಯೇ.

"ಬಣ್ಣ ಒಣಗೋಕೆ ನಲವತ್ತು ನಿಮಿಷ ಬೇಕಿತ್ತು ಕಣೋ, ಅದಕ್ಕೆ ಲೇಟಾಯ್ತು," ಅಂದಳು. "ನನ್ನ ಕೋಟು ಏಳು ವರ್ಷದಿಂದ ನಿನ್ನ ಅಂಗಡೀಲಿ ಏನು ಒಣಗ್ತಾ ಇದೆ?"